ನೀಲಿ ಚುಕ್ಕೆಯ ಸೀಸೆ

ಒಂಬತ್ತನೇ ನಿಮಿಷಕ್ಕೆ ಗೆರೆ ಏಳಬಾರದಿತ್ತು.

ಸೂಜಿ ಪರದೆಯ ಹತ್ತಿರಕ್ಕೆ ಮುಖ ತಂದಳು. ಹಸಿರು ಗೆರೆ ಎಡದಿಂದ ಬಲಕ್ಕೆ ಸಣ್ಣಗೆ ಅದುರುತ್ತಾ ಹರಿದು ಬಂದು, ಒಂಬತ್ತನೇ ನಿಮಿಷದಲ್ಲಿ ಏನನ್ನೋ ಕಂಡು ಬೆಚ್ಚಿದ ಹಾಗೆ ಮೇಲಕ್ಕೆದ್ದು ಮತ್ತೆ ಇಳಿದಿತ್ತು. ಇದು ಮೂರನೇ ಸಲ. ಮೊದಲ ಸಲ ಸಿರಿಂಜು ಕೊಳೆಯಾಗಿರಬೇಕು ಅಂದುಕೊಂಡಳು. ಎರಡನೇ ಸಲ ತನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಳು. ಮೂರನೇ ಸಲಕ್ಕೆ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ.

ಯಾಕೆಂದರೆ ಯಂತ್ರಕ್ಕೆ ಕೊಟ್ಟಿದ್ದು ಬ್ಲ್ಯಾಂಕ್. ಅಂದರೆ ಏನೂ ಇಲ್ಲದ ನೀರು.

ಬಾವಿಯ ನೀರು ತರಲು ಹೋಗುವವರು ಪ್ರತಿ ಸಲವೂ ಪ್ರಯೋಗಾಲಯದ ಶುದ್ಧ ನೀರನ್ನು ಒಂದು ಸೀಸೆಯಲ್ಲಿ ಜೊತೆಗೆ ಒಯ್ಯುತ್ತಾರೆ. ಬಾವಿ ಕಟ್ಟೆಯ ಮೇಲೆ ಅದರ ಮುಚ್ಚಳ ಒಮ್ಮೆ ತೆರೆದು, ಮುಚ್ಚಿ, ಹಾಗೇ ವಾಪಸ್ ತರುತ್ತಾರೆ. ಮದುವೆ ಮನೆಗೆ ಬಂದು ಊಟ ಮಾಡದೆ ಹೋಗುವ ನೆಂಟನ ಹಾಗೆ. ದಾರಿಯಲ್ಲೋ ಗಾಳಿಯಲ್ಲೋ ಏನಾದರೂ ಕೊಳಕು ಸೇರಿದ್ದರೆ ಅದು ಈ ಸೀಸೆಯಲ್ಲಿ ಸಿಕ್ಕಿಬೀಳುತ್ತದೆ. ಅಷ್ಟನ್ನು ಬಾವಿ ನೀರಿನ ಫಲಿತಾಂಶದಿಂದ ಕಳೆದರಾಯಿತು. ಕಳೆಯುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಬ್ಲ್ಯಾಂಕಿನ ಪುಟವನ್ನು ಬಿಡಿಸಿ ನೋಡುವವರು ಇಡೀ ಕಟ್ಟಡದಲ್ಲಿ ಸೂಜಿ ಒಬ್ಬಳೇ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಒಂಬತ್ತು ವರ್ಷದಿಂದ ಈ ಯಂತ್ರಕ್ಕೆ ಸೂಜಿ ಚುಚ್ಚುತ್ತಿದ್ದಾಳೆ, ಮೈಕಟ್ಟೂ ಸೂಜಿಯಂಥದ್ದೇ. ಹೆಸರಿಟ್ಟವನು ಅಣ್ಣ. ಅವನೂ ಇಲ್ಲೇ ಕೆಲಸಕ್ಕಿದ್ದ. ಊರೆಲ್ಲ ಸುತ್ತಿ ಬಾವಿ, ಚರಂಡಿ, ಕೊಳಗಳ ನೀರನ್ನು ಸೀಸೆಗಳಲ್ಲಿ ಹಿಡಿದು ತರುವವನು ಅವನು. ಬಾವಿ ಬೀದಿಯ ಮೂರು ಬಾವಿಗಳ ನೀರನ್ನು ಅವನು ತಂದಿಟ್ಟಿದ್ದು ಹೋದ ಮಂಗಳವಾರ ಮಧ್ಯಾಹ್ನ. ಅಂದು ಸಂಜೆಯಿಂದ ಅವನಿಲ್ಲ.

ಇವತ್ತೂ ಮಂಗಳವಾರ. ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ.

ಯಂತ್ರದ ಕೋಣೆಗೆ ಕಿಟಕಿಯಿರಲಿಲ್ಲ. ಮೂಲೆಯ ಪಂಪು ಒಂದೇ ಸಮನೆ ಉಸಿರಾಡುತ್ತಿತ್ತು. ಒಂಬತ್ತು ವರ್ಷ ಈ ಸದ್ದು ಅವಳ ಕಿವಿಗೇ ಬಿದ್ದಿರಲಿಲ್ಲ. ಒಂದು ವಾರದಿಂದ ಮಾತ್ರ, ಬೆನ್ನ ಹಿಂದೆ ಯಾರೋ ನಿಂತು ಉಸಿರು ಬಿಡುತ್ತಿದ್ದಾರೆ ಅನ್ನಿಸಿ ಆಗಾಗ ತಿರುಗಿ ನೋಡುತ್ತಿದ್ದಳು.

ಈಗಲೂ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಮೇಜಿನ ಮೇಲೆ ವರದಿ ಸಿದ್ಧವಾಗಿತ್ತು. ಒಂದನೇ ಬಾವಿ: ಏನೂ ಪತ್ತೆಯಾಗಿಲ್ಲ. ಎರಡನೇ ಬಾವಿ: ಏನೂ ಪತ್ತೆಯಾಗಿಲ್ಲ. ಮೂರನೆಯದೂ ಅಷ್ಟೇ. ಕೆಳಗೆ ಎರಡು ಸಹಿಗೆ ಜಾಗ. ಒಂದು ಲ್ಯಾಬಿನ ಹಿರಿಯರಾದ ಮೇಷ್ಟ್ರದು, ಆಗಲೇ ಬಿದ್ದಿತ್ತು. ಇನ್ನೊಂದು ಅವಳದು, ಐದು ಗಂಟೆಯೊಳಗೆ ಬೀಳಬೇಕು. ಬಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ಬಾವಿಗಳ ಬೀಗ ತೆಗೆಯುತ್ತಾರೆ. ಇಡೀ ಬೀದಿ ಆ ನೀರು ಕುಡಿಯುತ್ತದೆ. ಬಾವಿಗಳಿಗೆ ಬೀಗ ಹಾಕಿಸಿ, ಒಂದು ಕೀಲಿ ತನ್ನಲ್ಲೇ ಇಟ್ಟುಕೊಂಡಿದ್ದವನು ಅಣ್ಣ. "ಈ ನೀರು ವಿಷ, ಮುಟ್ಟಬೇಡಿ" ಎಂದು ಕಟ್ಟೆಯ ಮೇಲೆ ನಿಂತು ಕೂಗಿ ಹೇಳಿದವನು ಅವನೇ. ವರದಿ ಹೊರಬಿದ್ದರೆ ಅವನು ಸುಳ್ಳುಗಾರ.

ಇನ್ಸ್‌ಪೆಕ್ಟರ್ ಆಗಲೇ ಆ ತೀರ್ಮಾನಕ್ಕೆ ಬಂದಾಗಿತ್ತು. ಗುರುವಾರ ಬೆಳಿಗ್ಗೆ, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದಿನ ಕೆಸರು ಕೊಳದ ದಂಡೆಯಲ್ಲಿ ಅಣ್ಣನ ರಬ್ಬರ್ ಬೂಟು ಸಿಕ್ಕಿದ್ದವು. ಜೋಡಿಸಿಟ್ಟಿದ್ದವು, ಮೂತಿ ಕೊಳದ ಕಡೆಗೆ.

"ಜಾರಿ ಬಿದ್ದವರು ಬೂಟು ಬಿಚ್ಚಿಟ್ಟು ಬೀಳಲ್ಲ ಮೇಡಂ," ಅಂದಿದ್ದ ಅವನು, ಪೆನ್ನಿನ ಮುಚ್ಚಳ ಕಚ್ಚಿಕೊಂಡು. "ಇಲ್ಲದ್ದನ್ನ ಇದೆ ಅಂತ ಊರಿಗೆಲ್ಲ ಹೇಳ್ಬಿಟ್ರು. ಪರೀಕ್ಷೆ ಆದ್ರೆ ಮರ್ಯಾದೆ ಹೋಗುತ್ತೆ ಅಂತ ಗೊತ್ತಾಯ್ತು, ಕೊಳಕ್ಕೆ ಹಾರಿದ್ರು."

"ಅಣ್ಣ ಹುಟ್ಟಿದಾಗಿಂದ ಒಂದು ಸಲವೂ ಬೂಟು ಜೋಡಿಸಿ ಇಟ್ಟವನಲ್ಲ ಸಾರ್. ಒಂದು ಬಾಗ್ಲಲ್ಲಿ, ಇನ್ನೊಂದು ಮಂಚದ ಕೆಳಗೆ. ಅಮ್ಮ ಬೈದೂ ಬೈದೂ ಸೋತ್ರು."

ಇನ್ಸ್‌ಪೆಕ್ಟರ್ ನಕ್ಕುಬಿಟ್ಟಿದ್ದ. ಕೊಳದ ಕೆಸರಿಗೆ ಇಳಿಯಲು ಮುಳುಗು ತಜ್ಞರು ಒಪ್ಪದೆ, ನಿನ್ನೆಯಿಂದ ಪಂಪು ಹಚ್ಚಿ ನೀರು ಖಾಲಿ ಮಾಡಿಸುತ್ತಿದ್ದರು. ತಳ ಕಂಡ ಕೂಡಲೇ ಫೋನ್ ಮಾಡುತ್ತೇನೆ ಅಂದಿದ್ದ.

ಸೂಜಿ ಮತ್ತೆ ಪರದೆಗೆ ತಿರುಗಿದಳು. ನೀರಿನಲ್ಲಿ ಬೆರೆತ ಒಂದೊಂದು ವಸ್ತುವೂ ತನ್ನದೇ ನಿಮಿಷಕ್ಕೆ ಗೆರೆ ಎಬ್ಬಿಸುತ್ತದೆ. ಒಂಬತ್ತನೇ ನಿಮಿಷದಲ್ಲಿ ಏಳುವುದು ಯಾರು ಅನ್ನುವುದು ಅವಳಿಗೆ ಬಾಯಿಪಾಠ. ಕ್ಲೋರೀನ್ ಹತ್ತಿಸಿಕೊಂಡ ಬೆಂಜೀನ್. ಬಣ್ಣದ ಕಾರ್ಖಾನೆಗಳ ಹಳೆಯ ಸಂಗಾತಿ. ಬಟ್ಟೆಯ ಟ್ರಂಕಿನಲ್ಲಿಡುವ ನುಸಿಗುಳಿಗೆಯ ವಾಸನೆ ಅದಕ್ಕೆ.

ಬಾವಿ ಬೀದಿಯ ಟೈಲರಮ್ಮ ಎರಡು ವರ್ಷದಿಂದ ಹೇಳುತ್ತಿದ್ದುದೂ ಅದನ್ನೇ. ಪ್ರತಿ ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಲ್ಯಾಬಿಗೆ ಫೋನ್. "ನೀರು ಟ್ರಂಕಿನ ವಾಸನೆ ಹೊಡೀತಿದೆ ಕಣಮ್ಮ. ಕುಡಿದ್ರೆ ಹಳೇ ಕಂಬಳಿ ನೆಕ್ಕಿದ ಹಾಗಿರುತ್ತೆ. ನೀವು ದೊಡ್ಡ ಓದು ಓದಿದೋರು, ಒಂದ್ಸಲ ಬಂದು ಮೂಸಿ ನೋಡಿ ಸಾಕು." ಅವರ ಕಾಟಕ್ಕೇ ಅಣ್ಣ ಹೋಗಿದ್ದು. ನಿನ್ನೆ ಸೋಮವಾರ ಮಾತ್ರ ಫೋನ್ ಬರಲಿಲ್ಲ. ಬೇಸತ್ತಿರಬೇಕು ಪಾಪ ಅಂದುಕೊಂಡಿದ್ದಳು ಸೂಜಿ.

ಆದರೆ ಬಾವಿಯಲ್ಲಿ ಇರಬೇಕಾದದ್ದು ಬ್ಲ್ಯಾಂಕಿನಲ್ಲಿ ಯಾಕಿದೆ?

ಬೆರಳಿನಿಂದ ಗೆರೆಯನ್ನು ಮುಂದಕ್ಕೆ ಸರಿಸಿದಳು. ಹದಿನೈದು, ಹದಿನೆಂಟು, ಇಪ್ಪತ್ತು. ಇಪ್ಪತ್ತೊಂದನೇ ನಿಮಿಷ.

ಮನೆ ಅಳಿಯ ಇರಲಿಲ್ಲ.

ಶುದ್ಧ ನೀರಿನ ಯಂತ್ರದ ಪ್ಲಾಸ್ಟಿಕ್ ಕೊಳವೆಯಿಂದ ಒಂದು ಅಂಶ ನೀರಿಗಿಳಿಯುತ್ತದೆ. ಯಾರಿಗೂ ಕೇಡಿಲ್ಲದಷ್ಟು ಕಡಿಮೆ. ಇಪ್ಪತ್ತೊಂದನೇ ನಿಮಿಷದಲ್ಲಿ ಒಂದು ಪುಟ್ಟ ಗೂನಾಗಿ ಏಳುತ್ತದೆ. ಕೊಳವೆ ಬದಲಿಸಿದರೂ ಹೋಗಲಿಲ್ಲ, ಬೈದರೂ ಹೋಗಲಿಲ್ಲ. ಕೆಲಸವಿಲ್ಲ, ಕಾರ್ಯವಿಲ್ಲ, ಎಲ್ಲ ಊಟಕ್ಕೂ ಹಾಜರು. ಅಣ್ಣ ಅದಕ್ಕೆ ಮನೆ ಅಳಿಯ ಎಂದು ಹೆಸರಿಟ್ಟಿದ್ದ. ಒಂಬತ್ತು ವರ್ಷದಲ್ಲಿ ಮನೆ ಅಳಿಯನಿಲ್ಲದ ಬ್ಲ್ಯಾಂಕನ್ನು ಅವಳು ಕಂಡಿರಲಿಲ್ಲ.

ಒಂದನೇ ಬಾವಿಯ ಪುಟ ತೆರೆದಳು. ಕಂಪ್ಯೂಟರ್ ಕಳೆದುಹಾಕಿದ್ದನ್ನೆಲ್ಲ ವಾಪಸ್ ಕೂಡಿಸಿ ನೋಡಿದಳು. ಬಾವಿಯ ನೀರು ಎಷ್ಟೇ ತಿಳಿಯಾಗಿರಲಿ, ಎಲೆ, ಪಾಚಿ, ಮಣ್ಣು ಎಲ್ಲ ಸೇರಿ ಗೆರೆಯಲ್ಲಿ ಒಂದಿಷ್ಟು ಗಲಾಟೆ ಎಬ್ಬಿಸಲೇಬೇಕು. ಇಲ್ಲಿ ಗಲಾಟೆಯೇ ಇಲ್ಲ. ಗೆರೆ ಇಪ್ಪತ್ತೊಂದನೇ ನಿಮಿಷದವರೆಗೂ ಸತ್ತುಬಿದ್ದ ಹಾಗೆ ಮಲಗಿತ್ತು. ಅಲ್ಲಿ ಒಂದು ಪುಟ್ಟ ಗೂನು.

ಎರಡನೇ ಬಾವಿ: ಅದೇ ಗೂನು. ಮೂರನೇ ಬಾವಿ: ಅದೇ.

ಮನೆ ಅಳಿಯ ಮನೆ ಬದಲಿಸಿದ್ದ.

ಬಾವಿಯ ಸೀಸೆಗಳಲ್ಲಿ ಇರುವುದು ಈ ಪ್ರಯೋಗಾಲಯದ ಶುದ್ಧ ನೀರು. ಬ್ಲ್ಯಾಂಕ್ ಸೀಸೆಯಲ್ಲಿ ಇರುವುದು ಬಾವಿಯ ನೀರು. ಯಾರೋ ಮೂರು ಸೀಸೆಗಳನ್ನು ಬಗ್ಗಿಸಿ, ತೊಳೆದು, ಬೇರೆ ನೀರು ತುಂಬಿದ್ದಾರೆ. ಅದು ಹೇಗೋ ಅಣ್ಣನಿಗೆ ಮೊದಲೇ ಹೊಳೆದಿದೆ. ಯಾರೂ ತಿರುಗಿ ನೋಡದ ಸೀಸೆಯಲ್ಲಿ ಅವನು ನಿಜವನ್ನು ಬಚ್ಚಿಟ್ಟಿದ್ದಾನೆ. ತಿರುಗಿ ನೋಡುವವಳು ಒಬ್ಬಳಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ಅಳು ಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ, ನುಂಗಿಕೊಂಡು ಎದ್ದಳು.

*

ಕೋಲ್ಡ್ ರೂಮಿನ ಬಾಗಿಲಿಗೆ ಮೂರೇ ಕೀಲಿಕೈ. ಮೇಷ್ಟ್ರದೊಂದು, ಅವಳದೊಂದು, ಅಣ್ಣನದೊಂದು. ಕೀಲಿ ತಿರುಗಿಸಿ ಒಳಗೆ ಕಾಲಿಟ್ಟಾಗ ಹಗಲಿನ ಸದ್ದೆಲ್ಲ ಹಿಂದೆ ಉಳಿಯಿತು. ಕಂದು ಸೀಸೆಗಳು ಸಾಲಾಗಿ ನಿಂತು ಬೆವರುತ್ತಿದ್ದವು.

ಅಣ್ಣನ ಸೀಸೆಗಳನ್ನು ಹುಡುಕಬೇಕಾಗಿಯೇ ಇರಲಿಲ್ಲ, ನಿನ್ನೆ ಅವಳೇ ಇಟ್ಟ ಜಾಗದಲ್ಲಿದ್ದವು. ಅವನು ಎಡಚ. ಮುಚ್ಚಳದ ಸುತ್ತ ಟೇಪನ್ನು ಎಲ್ಲರಿಗೂ ಉಲ್ಟಾ ಸುತ್ತುತ್ತಿದ್ದ, ಬಿಚ್ಚುವವರು ಪ್ರತಿ ಸಲವೂ ಉಗುರು ಮುರಿದುಕೊಳ್ಳುತ್ತಿದ್ದರು. ನಾಲ್ಕು ಸೀಸೆಗಳಿಂದಲೂ ನಿನ್ನೆ ಪರೀಕ್ಷೆಗೆ ಸಾರ ತೆಗೆಯುವಾಗ ಅವಳೇ ಆ ಟೇಪು ಬಿಚ್ಚಿದ್ದಳು. ಮೂರರ ಟೇಪು ಸಲೀಸಾಗಿ ಬಂದಿತ್ತು, ಅವನ್ನು ಸುತ್ತಿದ್ದು ಬೇರೆ ಕೈ. ಒಂದರದು ಮಾತ್ರ ಉಗುರು ಮುರಿದಿತ್ತು. ಆಗ ಅದರ ಅರ್ಥ ಹೊಳೆಯದ ತನ್ನ ತಲೆಗೆ ಈಗ ತಾನೇ ಒಂದು ಮೊಟಕಬೇಕು ಅನ್ನಿಸಿತು.

ಎರಡು ಲೀಟರಿನ ಸೀಸೆ. ಪರೀಕ್ಷೆಗೆ ಅರ್ಧ ಖರ್ಚಾಗಿ ಅರ್ಧ ಉಳಿದಿತ್ತು. ನಿನ್ನೆ ಸಾರ ತೆಗೆಯುವ ದ್ರಾವಕದ ಘಾಟಿನಲ್ಲಿ ಇದರ ವಾಸನೆ ತಿಳಿದಿರಲಿಲ್ಲ. ಚೀಟಿಯ ಮೇಲೆ ಅಣ್ಣನ ಅಕ್ಷರ: ಬ್ಲ್ಯಾಂಕ್. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡಳು.

ಹೊರಡುವಾಗ ಕೆಳಗೆ ನೋಡಿದಳು.

ಸಿಮೆಂಟು ನೆಲದ ಮೇಲೆ ಒಂದು ಒದ್ದೆ ಹೆಜ್ಜೆ. ಬರಿಗಾಲು. ಅಂಚು ಆರುತ್ತಾ ಬಂದಿತ್ತು, ಹಿಮ್ಮಡಿ ಇನ್ನೂ ತೇವವಾಗಿತ್ತು. ಬೆರಳುಗಳು ಬಾಗಿಲ ಕಡೆಗೆ.

ದೊಡ್ಡಮ್ಮನದಿರಬೇಕು ಅಂದುಕೊಂಡಳು. ಸೀಸೆ ತೊಳೆಯುವ ದೊಡ್ಡಮ್ಮ ಚಪ್ಪಲಿ ಮೆಟ್ಟುವುದಿಲ್ಲ. ಹಾಗೆ ಅಂದುಕೊಂಡರೂ ಬಾಗಿಲು ಹಾಕಿ ಎರಡು ಸಲ ಎಳೆದು ನೋಡಿದಳು.

ತೊಳೆಯುವ ಕೋಣೆಯಲ್ಲಿ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು, ಓವನ್ನಿನಿಂದ ತೆಗೆದ ಸೀಸೆಗಳನ್ನು ಬೋರಲು ಹಾಕಿಕೊಂಡು, ಒಂದೊಂದರ ತಳಕ್ಕೂ ಉಗುರುಬಣ್ಣದ ಚುಕ್ಕೆ ಇಡುತ್ತಿದ್ದರು. ಒಂದು ಸುತ್ತು ತೊಳೆದು ಸುಟ್ಟ ಸೀಸೆಗಳಿಗೆ ಒಂದು ಬಣ್ಣ. ಯಾವುದಾದರೂ ಸುತ್ತಿನಲ್ಲಿ ಕೊಳೆ ಉಳಿದರೆ ಆ ಬಣ್ಣದ್ದನ್ನೆಲ್ಲ ಎತ್ತಿಡಬೇಕು ಎನ್ನುವುದು ಇಲ್ಲಿನ ಪದ್ಧತಿ.

"ದೊಡ್ಡಮ್ಮ, ಈಗ ಕೋಲ್ಡ್ ರೂಮಿಗೆ ಹೋಗಿದ್ರಾ?"

"ನಾನ್ಯಾಕೆ ಹೋಗ್ಲೇ ಆ ಹೆಣ ಇಡೋ ಜಾಗಕ್ಕೆ? ಅದರ ಚಳಿಗೆ ನನ್ನ ಮಂಡಿ ಹಿಡ್ಕೊಳುತ್ತೆ. ಬಾಗ್ಲು ದಾಟಿ ತಿಂಗಳಾಯ್ತು." ತಲೆಯೆತ್ತಿ ಅವಳ ಮುಖ ನೋಡಿ ದೊಡ್ಡಮ್ಮ ಕುಂಚ ಕೆಳಗಿಟ್ಟರು. "ಯಾಕೆ ಮಗಾ, ಮುಖ ಸುಣ್ಣ ಬಳಿದ ಹಾಗಿದೆ? ಊಟ ಮಾಡಿದ್ಯಾ?"

"ಮಾಡಿದೆ ದೊಡ್ಡಮ್ಮ."

"ಸುಳ್ಳು. ನಿಮ್ಮಣ್ಣನ ಹಾಗೇ ನೀನೂ. ಅವನು ಬರ್ತಾನೆ ಕಣೇ, ಸುಮ್ನಿರು. ಎಲ್ಲೋ ಮುನಿಸ್ಕೊಂಡು ಕೂತಿರ್ತಾನೆ."

ಸೂಜಿ ಮೆಟ್ಟಿಲು ಹತ್ತಿದಳು.

*

ಮೇಷ್ಟ್ರು ಪೆನ್ಸಿಲ್ ಹೆರೆಯುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥರು ಅವರು. ಆದರೆ ಅವಳಿಗೆ ಸಿರಿಂಜು ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವರಾದ್ದರಿಂದ ಮೇಷ್ಟ್ರೇ ಆಗಿ ಉಳಿದಿದ್ದರು. ಕೋಣೆಯ ಮೂಲೆಯಲ್ಲಿ ಶುದ್ಧ ನೀರಿನ ಯಂತ್ರ ಗುಳುಗುಳು ಅನ್ನುತ್ತಿತ್ತು. ಬೇರೆಯವರು ಮುಟ್ಟಿದರೆ ಕೆಡಿಸುತ್ತಾರೆ ಎಂದು ಅದನ್ನು ಅವರು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಅದರ ಕೆಳಗೆ ಒಂದು ಸಿಂಕು.

"ಸಹಿ ಆಯ್ತೇನಮ್ಮ?"

"ಮೇಷ್ಟ್ರೇ, ಮನೆ ಅಳಿಯ ಬಾವಿಗೆ ಬಿದ್ದಿದಾನೆ."

ಹೆರೆಯುವ ಕೈ ನಿಂತಿತು. ಮೇಷ್ಟ್ರಿಗೆ ಅರ್ಥವಾಗಲು ಎರಡನೇ ಮಾತು ಬೇಕಿರಲಿಲ್ಲ. ಮೂರು ಕಾಗದ ಅವರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ.

"ಮೂರು ಬಾವೀಲೂ ಇಪ್ಪತ್ತೊಂದನೇ ನಿಮಿಷ. ಒಂದೇ ಎತ್ತರ. ಆ ನೀರು ಇಡೀ ಕಟ್ಟಡದಲ್ಲಿ ಸಿಗೋದು ಒಂದೇ ಕಡೆ." ಅವಳು ಮೂಲೆಯ ಯಂತ್ರದ ಕಡೆ ನೋಡಿದಳು. "ಕೋಲ್ಡ್ ರೂಮಿನ ಕೀಲಿಕೈ ಇರೋದು ಮೂರು ಜನರ ಹತ್ರ. ನಾನು ಮಾಡಿಲ್ಲ. ಅಣ್ಣ ತಾನು ತಂದದ್ದನ್ನ ತಾನೇ ಚೆಲ್ಲಲ್ಲ."

"ಯಂತ್ರದಲ್ಲಿ ಏನೋ..."

"ಯಂತ್ರ ಸುಳ್ಳು ಹೇಳಲ್ಲ, ನಾವು ಹೇಳಿಸ್ತೀವಿ. ನೀವೇ ಹೇಳ್ಕೊಟ್ಟಿದ್ದು."

ಮೇಷ್ಟ್ರು ಪೆನ್ಸಿಲನ್ನು ಮೇಜಿನ ಅಂಚಿಗೆ ಸಮಾನಾಂತರವಾಗಿ ಇಟ್ಟರು. ಆಮೇಲೆ ಮಾತಾಡಿದ ದನಿ ತರಗತಿಯಲ್ಲಿ ಪಾಠ ಹೇಳುವ ದನಿಯಷ್ಟೇ ಮೆತ್ತಗಿತ್ತು. ಅದೇ ಅವಳಿಗೆ ಭಯ ಹುಟ್ಟಿಸಿತು.

"ಹನ್ನೊಂದು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿದಾಗ ಅದೇ ಮೂರು ಬಾವಿ ನಾನೇ ಪರೀಕ್ಷೆ ಮಾಡಿದೆ. ಬಾವೀಲೂ ಒಂಬತ್ತನೇ ನಿಮಿಷಕ್ಕೆ ಎದ್ದಿತ್ತು, ಬ್ಲ್ಯಾಂಕಲ್ಲೂ ಎದ್ದಿತ್ತು. ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ. ಕಳೆದೆ. ಸೊನ್ನೆ ಬಂತು. ಸಹಿ ಹಾಕಿದೆ."

"ಬ್ಲ್ಯಾಂಕಲ್ಲಿ ಯಾಕೆ ಬಂತು ಅಂತ ಕೇಳ್ಲಿಲ್ವಾ?"

"ಕೇಳ್ಬೇಕಿತ್ತು. ಆವಾಗ ನೀರು ತಂದವನು ಸೀಸೆಗಳನ್ನ ಒಂದು ರಾತ್ರಿ ಕಾರ್ಖಾನೆಯ ಗೋದಾಮಲ್ಲಿ ಇಟ್ಟಿದ್ದ. ಬ್ಲ್ಯಾಂಕಿಗೆ ಅದು ಗೋದಾಮಿನ ಗಾಳಿಯಿಂದ ಸೇರ್ಕೊಂಡಿತ್ತು, ಬಾವಿಗೆ ಮಾತ್ರ ನೆಲದಿಂದ. ನನಗೆ ಗೊತ್ತಾಗಿದ್ದು ಎರಡು ವರ್ಷ ಆದ್ಮೇಲೆ." ಅವರು ಅಂಗೈ ನೋಡಿಕೊಂಡರು. "ಅಷ್ಟೊತ್ತಿಗೆ ಎರಡು ವರ್ಷ ಕುಡಿದಾಗಿತ್ತು. ಈಗ ಹೇಳಿದ್ರೆ ಏನಂತಾರೆ ಅನ್ಕೊಂಡೆ. ಮೂರು ವರ್ಷ ಆಯ್ತು, ಐದಾಯ್ತು. ದಿನ ಹೋದಷ್ಟೂ ಬಾಯಿ ಬಿಗಿಯಾಗ್ತಾ ಹೋಯ್ತು ಕಣಮ್ಮ."

"ಅದಕ್ಕೆ ನೀರು ಚೆಲ್ಲಿದ್ರಿ."

"ಹೂಂ. ಮಂಗಳವಾರ ಸಂಜೆ ಐದಕ್ಕೆ, ನೀವೆಲ್ಲ ಮನೆಗೆ ಹೋದ್ಮೇಲೆ. ಈ ಸಿಂಕಿಗೇ."

ಅವಳ ಕಣ್ಣು ತುಂಬಿತು. ಕಳ್ಳನನ್ನು ಹಿಡಿದ ಸಂತೋಷ ಒಂದು ಚೂರೂ ಇರಲಿಲ್ಲ. ಈ ಮನುಷ್ಯನ ಕೈಬರಹವನ್ನು ನೋಡಿ ತನ್ನ ಅಕ್ಷರ ತಿದ್ದಿಕೊಂಡವಳು ಅವಳು.

"ನಾನು ಸಹಿ ಹಾಕಲ್ಲ ಮೇಷ್ಟ್ರೇ. ಮಾದರಿ ಕೆಟ್ಟಿದೆ, ಬಾವಿ ತೆಗೀಬೇಡಿ ಅಂತ ಬರೆದು ಕಳಿಸ್ತೀನಿ. ಸಾಕ್ಷಿಗೆ ಬ್ಲ್ಯಾಂಕ್ ಇದೆ. ಅಣ್ಣ ಅದರಲ್ಲಿ ಬಾವಿ ನೀರು ತುಂಬಿಟ್ಟಿದ್ದ."

ಮೇಷ್ಟ್ರು ಮೊದಲ ಸಲ ತಲೆಯೆತ್ತಿದರು.

"ಯಾವ ಬ್ಲ್ಯಾಂಕು?"

"ಅಣ್ಣ ತಂದದ್ದು. ಬಾವಿ ಸೀಸೆ ಜೊತೆ."

"ಅವನು ಅವತ್ತು ಬ್ಲ್ಯಾಂಕ್ ತಂದಿರ್ಲಿಲ್ಲ." ಮೇಷ್ಟ್ರ ದನಿ ಸಣ್ಣಗಾಯಿತು. "ಮಧ್ಯಾಹ್ನ ಇಲ್ಲೇ ನಿಂತು ಹೇಳಿದ. ಮೇಷ್ಟ್ರೇ, ಇವತ್ತು ಬ್ಲ್ಯಾಂಕ್ ಒಯ್ಯೋಕೆ ಮರ್ತೆ, ಬೈಬೇಡಿ ಅಂದ. ಸಂಜೆ ನಾನು ಕೋಲ್ಡ್ ರೂಮಿಗೆ ಹೋದಾಗ ಇದ್ದದ್ದು ಮೂರೇ ಸೀಸೆ. ದಾಖಲೆ ಪುಸ್ತಕ ನೋಡು."

ಕಪಾಟಿನಿಂದ ಅವಳು ಪುಸ್ತಕ ತೆಗೆದಳು. ಅಣ್ಣನ ಎಡಗೈ ಅಕ್ಷರ. ಬಾವಿ ಒಂದು, ಬಾವಿ ಎರಡು, ಬಾವಿ ಮೂರು. ಅದರ ಕೆಳಗೆ ಖಾಲಿ. ನಿನ್ನೆ ನಾಲ್ಕು ಸೀಸೆ ಕಂಡಾಗ ಅವಳು ಪುಸ್ತಕ ತೆರೆದೇ ಇರಲಿಲ್ಲ. ಯಾವಾಗಲೂ ನಾಲ್ಕಿರುತ್ತವೆ, ನಿನ್ನೆಯೂ ನಾಲ್ಕಿದ್ದವು.

ಬಟ್ಟೆ ಬಿಚ್ಚಿ ಸೀಸೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಏನೋ ನೆನಪಾಗಿ, ಮೆಲ್ಲನೆ ಓರೆ ಮಾಡಿ ತಳ ನೋಡಿದಳು.

ನೀಲಿ ಚುಕ್ಕೆ.

ಗೋಡೆಯ ಫೋನಿನಲ್ಲಿ ಕೆಳಗಿನ ಕೋಣೆಯ ಗುಂಡಿ ಒತ್ತಿದಳು. "ದೊಡ್ಡಮ್ಮ, ನೀಲಿ ಚುಕ್ಕೆ ಯಾವತ್ತಿಂದು?"

"ನೀಲೀನಾ? ಶುಕ್ರವಾರ ಮಧ್ಯಾಹ್ನ ಓವ‌ನ್‌ನಿಂದ ತೆಗ್ದೆನಲ್ಲ, ಅವು. ಅದಕ್ಕೆ ಮುಂಚೆ ಎಲ್ಲಾ ಹಳದಿ. ಯಾಕೆ, ಕೊಳೆ ಇತ್ತಾ?"

"ಇಲ್ಲ ದೊಡ್ಡಮ್ಮ. ಚೆನ್ನಾಗಿ ತೊಳ್ದಿದೀರಿ."

ಫೋನ್ ಇಟ್ಟಳು. ಅಣ್ಣ ಕಾಣೆಯಾದದ್ದು ಮಂಗಳವಾರ. ಈ ಸೀಸೆ ಓವನ್ನಿನಿಂದ ಹೊರಗೆ ಬಂದದ್ದು ಶುಕ್ರವಾರ. ಅದರ ಮೇಲೆ ಅಣ್ಣನ ಅಕ್ಷರ, ನಿನ್ನೆಯವರೆಗೆ ಅಣ್ಣನ ಉಲ್ಟಾ ಟೇಪು. ಒಳಗೆ ಬಾವಿಯ ನೀರು.

"ಬದುಕಿದಾನೆ," ಅಂದಳು. ದನಿ ತನ್ನದಲ್ಲ ಅನ್ನಿಸಿತು. "ಮೇಷ್ಟ್ರೇ, ಅಣ್ಣ ಬದುಕಿದಾನೆ! ನೀವು ಚೆಲ್ಲಿದ್ದು ಅವನಿಗೆ ಗೊತ್ತಾಗಿ, ಮತ್ತೆ ನೀರು ತಂದಿಟ್ಟು ಹೋಗಿದಾನೆ. ಇವತ್ತೂ ಬಂದಿದ್ದ, ಬರಿಗಾಲಲ್ಲಿ. ಹೆಜ್ಜೆ ನಾನೇ ನೋಡ್ದೆ!"

ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಒಂದು ವಾರದಿಂದ ಎದೆಯ ಮೇಲಿದ್ದ ಬಂಡೆ ಯಾರೋ ಎತ್ತಿದ ಹಾಗಾಗಿತ್ತು.

ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಗಲ್ಲ," ಅಂದರು. "ಹಾಗಾಗಲ್ಲ. ಅವನು ಮುಳುಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

ಶುದ್ಧ ನೀರಿನ ಯಂತ್ರ ಒಮ್ಮೆ ಗುಳಕ್ ಎಂದು ಸುಮ್ಮನಾಯಿತು.

"ಅವತ್ತು ಸಂಜೆ ಕೊಳದ ಹತ್ರ ಹೋಗ್ತೀನಿ ಅಂದಿದ್ದ. ನಾನೂ ಹೋದೆ. ಎಲ್ಲಾ ಒಪ್ಕೊಂಡ್ಬಿಡೋಣ ಅಂತಾನೇ ಹೋದೆ, ನಂಬು. ಕತ್ತಲಾಗ್ತಾ ಇತ್ತು. ಆಚೆ ದಂಡೆ ಮೇಲೆ ಅವನು ನಡ್ಕೊಂಡು ಹೋಗ್ತಿದ್ದ. ಅದೇ ಕಿತ್ತಳೆ ಕೋಟು, ಬೆನ್ನ ಮೇಲೆ ಹೊಳೆಯೋ ಪಟ್ಟಿ. ಕಾಲು ಜಾರ್ತು. ಸೊಂಟದ ತನಕ ಹೋದ, ಎದೆ ತನಕ ಹೋದ. ಒಂದು ಕೈ ಮೇಲೆ ಇತ್ತು." ಮೇಷ್ಟ್ರು ತಮ್ಮ ಕೈಯನ್ನೇ ಅಷ್ಟೆತ್ತರ ಎತ್ತಿ ತೋರಿಸಿ, ಇಳಿಸುವುದನ್ನು ಮರೆತರು. "ನಾನು ಕೂಗ್ಲಿಲ್ಲ. ಓಡ್ಲಿಲ್ಲ. ನಿಂತು ನೋಡಿದೆ."

ಮಂಗಳವಾರ ಬೆಳಿಗ್ಗೆ ಅಣ್ಣ ಆ ಕೋಟು ಹಾಕಿಕೊಂಡೇ ಮನೆಯಿಂದ ಹೊರಟಿದ್ದ. ಗುಂಡಿ ಕಿತ್ತುಹೋಗಿದೆ, ಹೊಲಿದುಕೊಡು ಅಂದಿದ್ದ. ನನಗೆ ಟೈಮಿಲ್ಲ, ಯಾರಾದರೂ ಟೈಲರಿಗೆ ಕೊಡು ಅಂದಿದ್ದಳು ಅವಳು.

ಫೋನ್ ಬಡಿದುಕೊಂಡಿತು. ಐದಕ್ಕೆ ಹತ್ತು ನಿಮಿಷವಿತ್ತು.

"ಮೇಡಂ, ಇನ್ಸ್‌ಪೆಕ್ಟರ್." ಹಿಂದೆ ಪಂಪಿನ ಗಡಗಡ. "ತಳ ಕಾಣಿಸ್ತು. ಒಂದು ಶವ ಸಿಕ್ಕಿದೆ. ಕೋಟು ನಿಮ್ಮಣ್ಣಂದು, ಬೆನ್ನ ಮೇಲೆ ನಿಮ್ಮ ಲ್ಯಾಬಿನ ನಂಬರಿದೆ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಆದ್ರೆ ನಿಮ್ಮಣ್ಣ ಅಲ್ಲ. ಹೆಂಗಸು. ವಯಸ್ಸಾಗಿದೆ. ಕೋಟಿನ ಜೇಬಲ್ಲಿ ಬಟ್ಟೆ ಅಳೆಯೋ ಟೇಪು, ಒಂದು ಸೂಜಿ, ದಾರದುಂಡೆ. ಬಾವಿ ಬೀದಿಯ ಟೈಲರಮ್ಮ ಅಂತ ಗುರುತು ಹಿಡಿದ್ರು. ಮನೆ ಬೀಗ ನೋಡಿ, ಮಗಳ ಮನೆಗೆ ಹೋಗಿದಾರೆ ಅಂತ ಎಲ್ಲಾ ಅನ್ಕೊಂಡಿದ್ರಂತೆ." ಅವನು ಗಂಟಲು ಸರಿಮಾಡಿಕೊಂಡ. "ಜಾರಿ ಬಿದ್ದಿದ್ದಲ್ಲ ಮೇಡಂ. ತಲೆ ಹಿಂದೆ ಪೆಟ್ಟಿದೆ. ದೊಡ್ಡ ಪೆಟ್ಟು."

ಸೂಜಿ ಮೇಷ್ಟ್ರನ್ನು ನೋಡಿದಳು. ಕೋಣೆ ಚಿಕ್ಕದು; ಇನ್ಸ್‌ಪೆಕ್ಟರನ ಒಂದೊಂದು ಮಾತೂ ಅವರಿಗೂ ಕೇಳಿಸುತ್ತಿತ್ತು. ಎತ್ತಿದ್ದ ಕೈಯನ್ನು ಅವರು ಈಗ ಇಳಿಸಿದರು.

"ಈಗ ಇದು ಬೇರೆ ಕೇಸು," ಇನ್ಸ್‌ಪೆಕ್ಟರ್ ಹೇಳುತ್ತಿದ್ದ. "ನಿಮ್ಮಣ್ಣ ಸತ್ತಿದ್ರೆ ಒಂದು ಕಥೆ. ಬದುಕಿದ್ರೆ ಕೊಲೆ ಮಾಡಿ ಓಡಿಹೋಗಿದಾರೆ ಅಂತ ಇವತ್ತೇ ನಾಲ್ಕೂ ಕಡೆ ಹುಡುಕೋಕೆ ಜನ ಬಿಡ್ತೀನಿ. ಅದಕ್ಕೆ ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಮಂಗಳವಾರದ ಮೇಲೆ ನಿಮ್ಮಣ್ಣ ಬದುಕಿದ್ರು ಅನ್ನೋಕೆ ನಿಮ್ಮ ಹತ್ರ ಏನಾದ್ರೂ ಗುರುತು ಇದೆಯಾ?"

ಗುರುತು ಮೇಜಿನ ಮೇಲಿತ್ತು. ಬಾವಿಗಳು ವಿಷ, ಅಣ್ಣ ಸುಳ್ಳುಗಾರನಲ್ಲ ಎಂದು ಐದು ಗಂಟೆಯೊಳಗೆ ಹೇಳಬಲ್ಲ ಸೀಸೆ ಇಡೀ ಊರಲ್ಲಿ ಅದೊಂದೇ. ಅವನು ಬದುಕಿದ್ದಾನೆ ಎಂದು ಹೇಳುವುದೂ ಅದೊಂದೇ.

ಮೇಷ್ಟ್ರು ಎದ್ದು ನಿಂತಿದ್ದರು. ವರದಿಯನ್ನು ಅವಳ ಕಡೆಗೆ ತಳ್ಳಿ, ಅದರ ಮೇಲೆ ಪೆನ್ನಿಟ್ಟರು. ಆಮೇಲೆ ಬಗ್ಗಿ, ಫೋನಿಗೆ ಕೇಳಿಸದ ಹಾಗೆ, ಪಾಠ ಹೇಳುವ ಅದೇ ಮೆತ್ತನೆಯ ದನಿಯಲ್ಲಿ ಅಂದರು.

"ನಾನು ಏನೂ ಹೇಳಿಲ್ಲ ಮಗಳೇ. ನೀನೂ ಏನೂ ನೋಡಿಲ್ಲ. ನಿಮ್ಮಣ್ಣ ಉಳೀಬೇಕು ಅಂದ್ರೆ ಈ ಸೀಸೆ ಉಳೀಬಾರದು."

ಸೀಸೆಯನ್ನು ಎತ್ತಿಕೊಂಡು ಅವರು ಸಿಂಕಿನ ಕಡೆ ಎರಡು ಹೆಜ್ಜೆ ಇಟ್ಟರು. ಮುಚ್ಚಳ ತಿರುಗಿಸಿದರು. ಮುಚ್ಚಿದ ಕೋಣೆಯ ತುಂಬ ಹಳೆಯ ಟ್ರಂಕು ತೆರೆದ ವಾಸನೆ ಹರಡಿತು.

"ಮೇಡಂ?" ಫೋನಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದ. "ಲೈನಲ್ಲಿದೀರಾ? ಗುರುತು ಇದೆಯಾ, ಇಲ್ವಾ?"

ಮೇಷ್ಟ್ರು ಸೀಸೆಯನ್ನು ಸಿಂಕಿನ ಮೇಲೆ ಓರೆ ಹಿಡಿದು, ಅವಳ ಉತ್ತರಕ್ಕಾಗಿ ಕಾಯುತ್ತಾ ನಿಂತರು.